ಅಪ್‌ಡೇಟ್: ಡಿಹೈಡ್ರೇಟರ್ ಬಾಳೆಹಣ್ಣು ಕೊನೆಗೂ ಸರಿ ಬಂತು
ಹೋದ ತಿಂಗಳು ಕೇಳಿದ್ದೆನಲ್ಲ, ಡಿಹೈಡ್ರೇಟರಲ್ಲಿ (ಬಿಸಿಗಾಳಿಲಿ ಹಣ್ಣು ಒಣಗಿಸೋ ಮಷೀನು) ಒಣಗಿಸಿದ ಬಾಳೆಹಣ್ಣು ಮೇಲೆ ಗಟ್ಟಿ, ಒಳಗೆ ಹಸಿ, ನಾಲ್ಕೇ ದಿನಕ್ಕೆ ಬೂಷ್ಟು ಅಂತ. ತಪ್ಪು ನಂದೇ. ಬೇಗ ಆಗ್ಲಿ ಅಂತ 70 ಡಿಗ್ರಿಗೆ ಇಟ್ಟಿದ್ದೆ, ಹಂಗೆ ಇಟ್ರೆ ಹೊರಗಿನ ಪದರ ಮೊದಲೇ ಒಣಗಿ ಗಟ್ಟಿಯಾಗ್ಬಿಡುತ್ತೆ, ಒಳಗಿನ ನೀರು ಹೊರಗೆ ಬರೋಕೆ ದಾರೀನೇ ಇರಲ್ಲ. ಈ ಸಲ ನೇಂದ್ರ ಬಾಳೆ ತಗೊಂಡು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಒಂದೇ ಸಮ ಹೆಚ್ಚಿ, ಕಪ್ಪಾಗದಿರ್ಲಿ ಅಂತ ನಿಂಬೆರಸದ ನೀರಲ್ಲಿ ಅದ್ದಿ, 57 ಡಿಗ್ರಿಯಲ್ಲಿ ಇಟ್ಟೆ. ಹತ್ತು ಗಂಟೆ ಹಿಡೀತು, ಮಧ್ಯೆ ಟ್ರೇ ಮೇಲೆ ಕೆಳಗೆ ಬದಲಾಯಿಸ್ತಾ ಇದ್ದೆ. ಆರಿದ್ಮೇಲೆ ಒಂದು ಮುರಿದು ಹಿಂಡಿ ನೋಡ್ದೆ, ತೇವ ಬರ್ಲಿಲ್ಲ. ಆಮೇಲೆ ಗಾಜಿನ ಜಾರಿಗೆ ಮುಕ್ಕಾಲು ಭಾಗ ತುಂಬಿ ಒಳಗೆ ತೇವ ಉಳಿದಿದ್ಯಾ ಅಂತ ನೋಡೋಕೆ ಒಂದು ವಾರ ದಿನಾ ಅಲ್ಲಾಡಿಸ್ದೆ, ಗಾಜಿನ ಮೇಲೆ ಬೆವರು ಕಂಡ್ರೆ ವಾಪಸ್ ಮಷೀನಿಗೆ ಹಾಕ್ಬೇಕಂತೆ, ನಂಗೆ ಕಾಣಿಸ್ಲಿಲ್ಲ.

ಶಿರಸಿ ಕಡೆಯ ಅತ್ತೆ ತಿಂದು ನೋಡಿ "ಇದು ನಮ್ಮ ಸುಕೇಳಿನೇ (ಒಣಗಿಸಿದ ಬಾಳೆಹಣ್ಣು) ಅಲ್ವೇನೇ, ನಾವು ಬಿಸಿಲಲ್ಲಿ ಮಾಡ್ತಿದ್ವಿ, ಇದಕ್ಕೆ ಕರೆಂಟ್ ಬಿಲ್ ಬೇರೆ" ಅಂದ್ರು. ಮಳೆಗಾಲದಲ್ಲಿ ಬಿಸಿಲು ಎಲ್ಲಿಂದ ತರ್ಲಿ ಅತ್ತೆ! ಇದೇ ಮಷೀನಲ್ಲಿ ಒಣಗಿಸಿದ ಚಿಕ್ಕೂ (ಸಪೋಟ) ಮಾತ್ರ ಇನ್ನೂ ಅಂಟಂಟು, ನಾಳೆ ಇನ್ನೊಂದ್ಸಲ ನೋಡ್ತೀನಿ.