ಶಾಲೆಯ ಮುಂದಿನ ರಸ್ತೆಗೆ ಹಂಪ್, ಕಾಲುದಾರಿ: ಹಣ ಯಾವ ಬಾಬಿನಿಂದ ಕೇಳಬೇಕು?

ಪ್ರಶ್ನೆ

ನಾವು ಮೈಸೂರಿನ ಹಳೆಯ ಬಡಾವಣೆಯೊಂದರ ನಿವಾಸಿಗಳು. ನಮ್ಮ ಅಡ್ಡರಸ್ತೆಯಲ್ಲಿ ಪ್ರಾಥಮಿಕ ಶಾಲೆಯೊಂದಿದೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮುಖ್ಯರಸ್ತೆಯ ಸಿಗ್ನಲ್ ತಪ್ಪಿಸಿಕೊಳ್ಳಲು ವಾಹನಗಳು ಇಲ್ಲಿಗೇ ನುಗ್ಗುತ್ತವೆ. ಚರಂಡಿಯ ಮೇಲಿನ ಚಪ್ಪಡಿಗಳು ಅಲ್ಲಲ್ಲಿ ಮುರಿದಿರುವುದರಿಂದ ಮಕ್ಕಳು ರಸ್ತೆಗಿಳಿದೇ ನಡೆಯಬೇಕಾಗಿದೆ. ಕಳೆದ ತಿಂಗಳು ಎರಡನೆಯ ತರಗತಿಯ ಹುಡುಗಿಯೊಬ್ಬಳಿಗೆ ಬೈಕ್ ತಗುಲಿ ಕಾಲು ಮುರಿಯಿತು. ಅದಾದ ಮೇಲೆ ನಿವಾಸಿಗಳ ಸಂಘದವರು ಮನೆಮನೆಗೆ ಹೋಗಿ 85,000 ರೂಪಾಯಿ ಒಟ್ಟುಮಾಡಿದ್ದೇವೆ. ಎರಡು ಹಂಪ್, ಒಂದು ಜೀಬ್ರಾ ಪಟ್ಟಿ, ಸುಮಾರು ಅರವತ್ತು ಮೀಟರ್ ಕಾಲುದಾರಿಯ ದುರಸ್ತಿ, ಇಷ್ಟೇ ನಮಗೆ ಬೇಕಾದದ್ದು. ಹಂಪ್‌ಗಳನ್ನು ನಾವೇ ಹಾಕಿಸಬಹುದೇ? ಉಳಿದ ಕೆಲಸಕ್ಕೆ ಸರ್ಕಾರದ ಯಾವ ಹಣವನ್ನು ಕೇಳಬಹುದು?

ಮೊದಲ ಉತ್ತರ

ನಗರ ಸ್ಥಳೀಯ ಸಂಸ್ಥೆಗಳ ಕಾಮಗಾರಿ ವಿಭಾಗದಲ್ಲಿ ಬಹಳ ವರ್ಷ ಎಂಜಿನಿಯರ್ ಆಗಿದ್ದವನು ನಾನು. ದಯವಿಟ್ಟು ಹಂಪ್‌ಗಳನ್ನು ನೀವೇ ಹಾಕಿಸಬೇಡಿ. ನೀವು ಸಂಗ್ರಹಿಸಿದ ಹಣದ ಹಿಂದಿನ ಕಳಕಳಿ ನನಗೆ ಅರ್ಥವಾಗುತ್ತದೆ, ಆದರೆ ರಸ್ತೆ ಸಾರ್ವಜನಿಕ ಆಸ್ತಿ. ಅನುಮತಿಯಿಲ್ಲದೆ ಎಬ್ಬಿಸಿದ ದಿಣ್ಣೆಯ ಮೇಲೆ ರಾತ್ರಿ ಯಾರಾದರೂ ಬಿದ್ದರೆ ಅದರ ಹೊಣೆ ನಿಮ್ಮ ಸಂಘದ ಮೇಲೆ ಬರುತ್ತದೆ. ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ವಾಹನಗಳು ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟಬೇಕಾದ ಹಂಪ್ ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲವಾಗಿ, ನಡುವೆ 10 ಸೆಂಟಿಮೀಟರ್ ಎತ್ತರವಾಗಿ, ಬಿಲ್ಲಿನಂತೆ ನಯವಾಗಿ ಏರಿ ಇಳಿಯಬೇಕು. ಅದಕ್ಕೆ ಬಣ್ಣದ ಪಟ್ಟಿ ಮತ್ತು ಮುಂಚಿತವಾಗಿ ಕಾಣುವ ಎಚ್ಚರಿಕೆಯ ಫಲಕವೂ ಇರಬೇಕು. ಮೇಸ್ತ್ರಿಗಳು ಅರ್ಧ ದಿನದಲ್ಲಿ ಹಾಕಿಬಿಡುವ ಗಿಡ್ಡ, ಕಡಿದಾದ ದಿಣ್ಣೆ ವಾಹನವನ್ನು ನಿಧಾನಗೊಳಿಸುವುದಕ್ಕಿಂತ ಹೆಚ್ಚಾಗಿ ಸವಾರನ ಬೆನ್ನೆಲುಬಿಗೆ ಏಟು ಕೊಡುತ್ತದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಕಲಮು, ರಸ್ತೆ ನಿರ್ಮಾಣದಲ್ಲಿ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರ ಪ್ರಾಧಿಕಾರ ಅಥವಾ ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಆದ್ದರಿಂದ ನಿಮ್ಮ ಮೊದಲ ಅರ್ಜಿ ಪಾಲಿಕೆಯ ವಲಯ ಕಚೇರಿಗೂ ಸಂಚಾರ ಪೊಲೀಸ್ ಠಾಣೆಗೂ ಒಟ್ಟಿಗೆ ಹೋಗಲಿ, ಎರಡಕ್ಕೂ ಸ್ವೀಕೃತಿ ಪಡೆದುಕೊಳ್ಳಿ.

ಎರಡನೆಯ ಉತ್ತರ

ಹಣದ ವಿಷಯಕ್ಕೆ ಬರುತ್ತೇನೆ. ಎಂಟು ವರ್ಷಗಳಿಂದ ನಮ್ಮ ವಾರ್ಡಿನ ಕೆಲಸಗಳ ಬೆನ್ನು ಹತ್ತಿರುವ ನನ್ನ ಅನುಭವದಲ್ಲಿ, ಸಣ್ಣ ಕೆಲಸಗಳು ನಿಲ್ಲುವುದು ಹಣವಿಲ್ಲದೆ ಅಲ್ಲ, ತಪ್ಪು ಕಾಲದಲ್ಲಿ ತಪ್ಪು ಬಾಬನ್ನು ಕೇಳುವುದರಿಂದ. ಆರ್ಥಿಕ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುವುದರಿಂದ, ಅದಕ್ಕೂ ಮುಂಚಿನ ಚಳಿಗಾಲದಲ್ಲಿ ನಡೆಯುವ ಬಜೆಟ್ ಪೂರ್ವಭಾವಿ ಸಭೆಯ ಹೊತ್ತಿಗೆ ನಿಮ್ಮ ಬೇಡಿಕೆ ಅಂದಾಜುಪಟ್ಟಿಯೊಂದಿಗೆ ಮೇಜಿನ ಮೇಲಿರಬೇಕು. ಜೂನ್‌ನಲ್ಲಿ ಹೋದರೆ ‘ಈ ವರ್ಷದ ಕ್ರಿಯಾಯೋಜನೆ ಆಗಿಹೋಗಿದೆ’ ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. ಮೈಸೂರಿನ ಚುನಾಯಿತ ಕೌನ್ಸಿಲಿನ ಅವಧಿ 2023ರ ನವೆಂಬರ್‌ನಲ್ಲಿ ಮುಗಿದಿರುವುದರಿಂದ ಕಾರ್ಪೊರೇಟರ್ ಮೂಲಕ ಹೋಗುವ ಹಳೆಯ ದಾರಿಯನ್ನೊಂದನ್ನೇ ನೆಚ್ಚಬೇಡಿ, ಆಯುಕ್ತರಿಗೂ ನೇರವಾಗಿ ಬರೆಯಿರಿ.

ಇನ್ನೊಂದು ದಾರಿ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ. ಪ್ರತಿ ಶಾಸಕರಿಗೂ ವರ್ಷಕ್ಕೆ 2 ಕೋಟಿ ರೂಪಾಯಿಯ ಕೆಲಸಗಳನ್ನು ಶಿಫಾರಸು ಮಾಡುವ ಅವಕಾಶವಿದೆ, ಸಂಸದರಿಗೆ 5 ಕೋಟಿ. ಇವು ಬಾಳಿಕೆ ಬರುವ ಸಾರ್ವಜನಿಕ ಆಸ್ತಿಗಾಗಿ ಇರುವ ಹಣವಾದ್ದರಿಂದ ಕಾಲುದಾರಿಯನ್ನು ಹೊಸದಾಗಿ ಕಟ್ಟಿಸುವುದನ್ನು ಇಲ್ಲಿ ಕೇಳಿ, ಬಣ್ಣ ಬಳಿಯುವುದನ್ನು ಕೇಳಬೇಡಿ. ಸಂಘದ 85,000 ರೂಪಾಯಿಯಲ್ಲಿ ಸ್ವಲ್ಪವನ್ನು ಮಾತ್ರ ಅಳತೆ, ನಕ್ಷೆ ಮತ್ತು ಅಂದಾಜಿಗೆ ಬಳಸಿ. ಕೈಯಲ್ಲಿ ನಕ್ಷೆ ಹಿಡಿದು ಬಂದವರ ಅರ್ಜಿ ಸಹಾಯಕ ಎಂಜಿನಿಯರ್ ಮೇಜಿನಿಂದ ಬೇಗ ಮೇಲಕ್ಕೆ ಹೋಗುವುದನ್ನು ನಾನು ಹಲವು ಸಲ ಕಂಡಿದ್ದೇನೆ.

ಮೂರನೆಯ ಉತ್ತರ

ಮೇಲಿನವರು ಬಿಟ್ಟಿರುವ ಒಂದು ಬಾಬನ್ನು ಸೇರಿಸುತ್ತೇನೆ. ನಮ್ಮ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳು ತಮ್ಮ ಅನುದಾನದಲ್ಲಿ ಶೇಕಡಾ 5ರಷ್ಟನ್ನು ಅಂಗವಿಕಲರ ಕಲ್ಯಾಣಕ್ಕೆ ಮೀಸಲಿಡಬೇಕು. ಗಾಲಿಕುರ್ಚಿ ಬಳಸುವ ನನ್ನ ತಂದೆಗೆ, ಮೆಟ್ಟಿಲಿನಂತೆ ಎದ್ದು ನಿಂತ ಕಾಲುದಾರಿ ಇದ್ದರೂ ಇಲ್ಲದಂತೆಯೇ. ನಿಮ್ಮ ಅರವತ್ತು ಮೀಟರಿನ ಎರಡೂ ತುದಿಗೆ ಇಳಿಜಾರು ಬೇಕೆಂದು ಈಗಲೇ ನಕ್ಷೆಯಲ್ಲಿ ಬರೆಸಿ. ಆ ಭಾಗವನ್ನಾದರೂ ಈ ಹಣದಿಂದ ಮಾಡಿಕೊಡಿ ಎಂದು ಕೇಳಬಹುದು. ಕಾಲುದಾರಿಯ ಮೇಲೆ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲವಿರಬೇಕು, ಅಂಚಿನ ಕಲ್ಲು 15 ಸೆಂಟಿಮೀಟರ್ ಮೀರಬಾರದು ಎಂದು ಅದೇ ರೋಡ್ಸ್ ಕಾಂಗ್ರೆಸ್ ಹೇಳುತ್ತದೆ. ಕಟ್ಟಿಸಿದ ಮೇಲೆ ಒಡೆಸುವುದು ಕಷ್ಟ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ಸಂಜೆ ಸಂಘದ ಸಭೆಯಲ್ಲಿ ನಿಮ್ಮ ಉತ್ತರಗಳನ್ನು ಓದಿ ಹೇಳಿದೆ. ಮೇಸ್ತ್ರಿಗೆ ಕೊಡಬೇಕಿದ್ದ ಮುಂಗಡವನ್ನು ನಿಲ್ಲಿಸಿದ್ದೇವೆ. ಸೋಮವಾರದಿಂದ ಒಂದು ವಾರ ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆಯವರೆಗೆ ಇಬ್ಬರು ಹಿರಿಯರು ಶಾಲೆಯ ಗೇಟಿನ ಬಳಿ ನಿಂತು ವಾಹನಗಳನ್ನೂ, ರಸ್ತೆಗಿಳಿದು ನಡೆಯುವ ಮಕ್ಕಳನ್ನೂ ಎಣಿಸಿ ಬರೆದಿಡಲಿದ್ದಾರೆ. ಆ ಲೆಕ್ಕವನ್ನು ನಕ್ಷೆಯ ಜೊತೆಗಿಟ್ಟು ಎರಡೂ ಕಚೇರಿಗಳಿಗೆ ಅರ್ಜಿ ಕೊಡುತ್ತೇವೆ. ಕಾಲು ಮುರಿದ ಹುಡುಗಿಯ ತಾಯಿಯೂ ಅದಕ್ಕೆ ಸಹಿ ಹಾಕುವುದಾಗಿ ಹೇಳಿದ್ದಾರೆ.