ಚೋಕ್ ಹುಡುಕಿದ ಬೆಳಗು

ಮೈಸೂರಿನ ಯಾದವಗಿರಿಯ ಟೀ ಅಂಗಡಿಯ ಮುಂದೆ, ಧನುರ್ಮಾಸದ ಚಳಿಯಲ್ಲಿಯೂ ಸೀನ ಬೆವರುತ್ತಿದ್ದನು. ಆತ ಹೊಸದಾಗಿ ಕೊಂಡ ಹಳೆಯ ಜಾವಾ ಬೈಕು ಅರ್ಧ ಗಂಟೆಯಿಂದ ಮೌನವ್ರತ ಹಿಡಿದಿತ್ತು.

“ತಣ್ಣಗಿರುವ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚಿಸಿಕೊಡುವ ಚೋಕ್ ಕೆಟ್ಟಿದೆ. ನಿನ್ನೆ ರಾತ್ರಿ ಮೂರು ವಿಡಿಯೊ ನೋಡಿದ್ದೇನೆ, ಮೂರರಲ್ಲಿಯೂ ಅದನ್ನೇ ಹೇಳಿದ್ದಾರೆ,” ಎಂದನು ಸೀನ.

“ಆ ಮೂವರೂ ನಿನ್ನ ಗಾಡಿಯನ್ನು ನೋಡಿದ್ದಾರೆಯೆ?” ಎಂದು ರಾಯರು ಟೀ ಊದುತ್ತಾ ಕೇಳಿದರು.

ನಾಗರಾಜ ತೋಳೇರಿಸಿದನು. “ಚೋಕ್ ಮುಚ್ಚಿದಂತೆಯೇ ಸಿಕ್ಕಿಕೊಂಡಿದ್ದರೆ ಗಾಳಿ ಸಾಲದೆ, ಪೆಟ್ರೋಲ್ ಹೆಚ್ಚಾಗಿ, ಪ್ಲಗ್ಗಿಗೆ ಮಸಿ ಕಟ್ಟಿರುತ್ತದೆ.” ಪ್ಲಗ್ ಬಿಚ್ಚಿದರೆ ಅದು ಹುಣಸೆ ಬೀಜದಂತೆ ಒಣಗಿತ್ತು. “ಹಾಗಾದರೆ ಚೋಕ್ ಹಿಡಿಯುತ್ತಲೇ ಇಲ್ಲ, ಕೇಬಲ್ ತುಂಡಾಗಿರಬೇಕು,” ಎಂದು ಆತ ತೀರ್ಪನ್ನು ತಿರುಗಿಸಿದನು. ಸೀನ ಹೆಮ್ಮೆಯಿಂದ ಚೀಲದೊಳಗಿನಿಂದ ಹೊಸ ಚೋಕ್ ಕೇಬಲೊಂದನ್ನು ಹೊರತೆಗೆದನು.

“ಈಗಿನವರು ಹಳೆಯ ಗಾಡಿಯನ್ನು ಕೊಳ್ಳುವುದು ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳಲಿಕ್ಕೆ,” ಎಂದರು ರಾಯರು. “ಆ ಕೆಲಸಕ್ಕೆ ಅದು ಸ್ಟಾರ್ಟ್ ಆಗಬೇಕಾದ ಅಗತ್ಯವೇನೂ ಇಲ್ಲವಲ್ಲ!”

ಮೇಷ್ಟ್ರು ಮೆಲ್ಲನೆ ಬಾಯಿಬಿಟ್ಟರು. “ನನ್ನ ಗಾಡಿಯೂ ಚೋಕ್ ಎಳೆದರೆ ಮಾತ್ರ ಓಡುತ್ತದೆ, ಬಿಟ್ಟರೆ ನಿಂತುಹೋಗುತ್ತದೆ. ಹೊಸ ಚೋಕ್ ಹಾಕಿಸಲೆ?”

“ಪಾಪ, ಚೋಕ್ ಇನ್ನೊಬ್ಬರ ಸಾಲವನ್ನು ತೀರಿಸುತ್ತಿದೆ, ಅದನ್ನೇಕೆ ಬೈಯುತ್ತೀರಿ?” ಎಂದರು ರಾಯರು. “ಪೆಟ್ರೋಲ್ ಹರಿಯುವ ಸಣ್ಣ ತೂತಾದ ಪೈಲಟ್ ಜೆಟ್ಟಿನಲ್ಲಿ ಕಸ ಕಟ್ಟಿರಬೇಕು, ಇಲ್ಲವೆ ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬೊರೇಟರಿಗೂ ಎಂಜಿನ್ನಿಗೂ ನಡುವೆ ಎಲ್ಲೋ ಬಿರುಕು ಬಿಟ್ಟು ಗಾಳಿ ನುಗ್ಗುತ್ತಿರಬೇಕು. ಚೋಕ್ ಎಳೆದಾಗ ಆಕ್ಸಿಲರೇಟರ್ ತಿರುಚುವ ಅಭ್ಯಾಸವಿದ್ದರೆ ಅದನ್ನೂ ಬಿಡಿ. ಎಷ್ಟೋ ಬೈಕುಗಳಲ್ಲಿ ನಾವು ಚೋಕ್ ಎನ್ನುವುದು ಪೆಟ್ರೋಲಿಗೆ ತೆರೆಯುವ ಇನ್ನೊಂದು ಸಣ್ಣ ದಾರಿಯಷ್ಟೆ, ಆಕ್ಸಿಲರೇಟರ್ ಕೊಟ್ಟೊಡನೆ ಆ ದಾರಿಯಲ್ಲಿ ಹೀರುವ ಬಲವೇ ಇಳಿದುಹೋಗುತ್ತದೆ.”

ಪರರ ರೋಗಿಯನ್ನು ನೋಡಲು ಬಂದು ತಾವೇ ಔಷಧಿಯ ಚೀಟಿ ಪಡೆದಂತಾದ ಮೇಷ್ಟ್ರು ಸುಮ್ಮನಾದರು. ಅಷ್ಟರಲ್ಲಿ ಸೀನನೂ ನಾಗರಾಜನೂ ಮೊಬೈಲಿನ ಬೆಳಕು ಹಿಡಿದು, ನೆಲಕ್ಕೆ ಮಂಡಿಯೂರಿ, ಕೇಬಲ್ ಸಿಕ್ಕಿಸಬೇಕಾದ ಜಾಗವನ್ನು ಹುಡುಕುತ್ತಿದ್ದರು.

“ಎಷ್ಟು ಹುಡುಕಿದರೂ ಸಿಕ್ಕದಪ್ಪ,” ಎಂದರು ರಾಯರು. “ಈ ಜಿಕೋವ್ ಕಂಪನಿಯ ಕಾರ್ಬೊರೇಟರಿನಲ್ಲಿ ಚೋಕ್ ಲಿವರೇ ಇಲ್ಲ. ಇಲ್ಲದ ಚೋಕ್ ಕೆಡುವುದಾದರೂ ಹೇಗೆ?”

ರಾಯರು ಬಗ್ಗಿ, ಕಾರ್ಬೊರೇಟರಿನ ಮೇಲಿದ್ದ ಪುಟ್ಟ ಗುಂಡಿಯನ್ನು ಒತ್ತಿ ಹಿಡಿದರು. “ಇದು ಟಿಕ್ಲರ್. ಒತ್ತಿದರೆ ಒಳಗೆ ಪೆಟ್ರೋಲಿನಲ್ಲಿ ತೇಲುವ ಫ್ಲೋಟ್ ಮುಳುಗಿ ಪೆಟ್ರೋಲ್ ತುಂಬಿ ಉಕ್ಕುತ್ತದೆ, ತಣ್ಣಗಿರುವ ಎಂಜಿನ್ನಿಗೆ ಬೇಕಾದದ್ದು ಅದೇ.” ಪೆಟ್ರೋಲ್ ತೊಟ್ಟಿಕ್ಕಿತು. ರಾಯರು ಬೆರಳನ್ನು ಮೂಗಿನ ಬಳಿ ಹಿಡಿದು ಸ್ವಲ್ಪ ಹೊತ್ತು ಹಾಗೆಯೇ ನಿಂತರು. “ಈ ಗಾಡಿ ಹುಟ್ಟಿದ್ದು ಇಲ್ಲಿಯೇ, ಇದೇ ಯಾದವಗಿರಿಯಲ್ಲಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. ನಮ್ಮ ತಂದೆಯವರು ದಿನವೂ ಈ ಗುಂಡಿ ಒತ್ತಿ, ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡು ಕೆಲಸಕ್ಕೆ ಹೊರಡುತ್ತಿದ್ದರು. ಸಂಜೆ ಮರಳಿ ತಲೆ ಸವರಿದಾಗಲೂ ಕೈಯಲ್ಲಿ ಇದೇ ವಾಸನೆ ಇರುತ್ತಿತ್ತು.”

ಯಾರೂ ಮಾತನಾಡಲಿಲ್ಲ. ರಾಯರು ಗೇರಿನ ಲಿವರನ್ನೇ ಒಳಕ್ಕೆ ಒತ್ತಿ, ಮೇಲೆತ್ತಿ ಕಿಕ್ಕರ್ ಮಾಡಿಕೊಂಡು ಒಮ್ಮೆ ತುಳಿದರು. ನೀಲಿ ಹೊಗೆಯುಗುಳಿ ಜಾವಾ ಬಡಬಡಿಸತೊಡಗಿತು.

ಸೀನ ಕೈಯಲ್ಲಿದ್ದ ಕೇಬಲನ್ನು ನೋಡಿಕೊಂಡು, “ಹಾಗಾದರೆ ಇದನ್ನೇನು ಮಾಡಲಿ ರಾಯರೆ?” ಎಂದನು.

“ಮನೆಯಲ್ಲಿ ಬಟ್ಟೆ ಒಣಹಾಕಲು ಹಗ್ಗ ಸಾಲದೆಂದು ನಿನ್ನಮ್ಮ ಹೇಳುತ್ತಿದ್ದರಲ್ಲ!”