ಅರ ಗಟ್ಟಿಯೋ, ಮೊಳೆ ಗಟ್ಟಿಯೋ? ‘ಟಫ್‌ನೆಸ್’ಗೆ ಕನ್ನಡ ಪದ ಬೇಕು

ನಮಸ್ಕಾರ. ಐಟಿಐ ಹುಡುಗರಿಗೆ ಫಿಟ್ಟರ್ ಪಾಠ ಹೇಳುವಾಗ ‘ಟಫ್‌ನೆಸ್’ಗೆ, ಅಂದರೆ ಪೆಟ್ಟು ತಿಂದೂ ಮುರಿಯದ ಗುಣಕ್ಕೆ, ಒಂದು ಪದ ಸಿಗದೆ ಒದ್ದಾಡುತ್ತಿದ್ದೇನೆ.

ಮೊನ್ನೆ ಒಬ್ಬ ಹುಡುಗ ಅರದಿಂದ ಮೊಳೆ ಉಜ್ಜುತ್ತಿದ್ದ. ಅರ ಕೈಜಾರಿ ಕಲ್ಲಿನ ನೆಲಕ್ಕೆ ಬಿತ್ತು. ಎರಡು ತುಂಡು! ಮುರಿದ ಜಾಗ ಬೂದುಬಣ್ಣ, ಒಂಚೂರೂ ಬಾಗಿರಲಿಲ್ಲ. ಅದೇ ಮೊಳೆಯನ್ನು ವೈಸ್‌ಗೆ ಕಚ್ಚಿಸಿ ಸುತ್ತಿಗೆಯಲ್ಲಿ ಬಡಿದೆವು. ಮಡಚಿಕೊಂಡಿತು, ಮುರಿಯಲಿಲ್ಲ. ‘ಸಾರ್, ಹಾಗಾದ್ರೆ ಯಾವುದು ಗಟ್ಟಿ?’ ಅಂದ.

ಎರಡೂ ಉಕ್ಕೇ. ಅರದಲ್ಲಿ ಇಂಗಾಲ ಸುಮಾರು ಶೇ. 1ರಷ್ಟು, ಮೊಳೆಯಲ್ಲಿ ತೀರಾ ಕಮ್ಮಿ. ಅರವನ್ನು ಕೆಂಪಗೆ ಕಾಸಿ ತಟ್ಟನೆ ತಣಿಸಿರುತ್ತಾರೆ. ಲೋಹ ಬಾಗಬೇಕಾದರೆ ಒಳಗೆ ಪರಮಾಣುಗಳ ಸಾಲು ಜಾರಬೇಕು ಅಲ್ವಾ? ಅರದಲ್ಲಿ ಆ ಜಾರುವಿಕೆಗೆ ಇಂಗಾಲ ಅಡ್ಡ ಕೂತಿರುತ್ತದೆ. ಅದಕ್ಕೇ ಅದರ ಮೇಲೆ ಸುಲಭಕ್ಕೆ ಗೀರು ಬೀಳುವುದಿಲ್ಲ. ಅದಕ್ಕೇ ಬಿರುಕು ಬಿಟ್ಟರೆ ನಿಲ್ಲುವುದೂ ಇಲ್ಲ. ಮೊಳೆಯಲ್ಲಿ ಬಿರುಕಿನ ತುದಿ ಹಿಗ್ಗಿ ಮೊಂಡಾಗುತ್ತದೆ. ಗಾಜಿನ ಕಥೆಯೂ ಅರದ ಹಾಗೇ: ಅದು ಅಷ್ಟು ಬೇಗ ಒಡೆಯುವುದಕ್ಕೆ ಕಣ್ಣಿಗೆ ಕಾಣದ ಬಿರುಕುಗಳೇ ಕಾರಣ ಎಂದು ಇಂಗ್ಲೆಂಡಿನ ಎಂಜಿನಿಯರ್ ಗ್ರಿಫಿತ್ 1921ರಲ್ಲೇ ವಿವರಿಸಿದ್ದರು.

ಅರವನ್ನೇ ನೋಡಿ. ಹಲ್ಲಿರುವ ಭಾಗವನ್ನಷ್ಟೇ ಗಡಸು ಮಾಡಿರುತ್ತಾರೆ. ಹಿಡಿಯೊಳಗೆ ಹೋಗುವ ಬಾಲವನ್ನು ಮೆತ್ತಗೆ ಬಿಟ್ಟಿರುತ್ತಾರೆ, ಮುರಿಯದಿರಲಿ ಅಂತ. ಒಂದೇ ಉಕ್ಕಿನ ಪಟ್ಟಿ, ಎರಡು ಗುಣ. ನಾವು ಎರಡಕ್ಕೂ ‘ಗಟ್ಟಿ’ ಅನ್ನುತ್ತೇವೆ!

ಗೀರು ಬೀಳದ್ದಕ್ಕೆ ‘ಗಡಸು’, ಬಾಗದೆ ಒಡೆಯುವುದಕ್ಕೆ ‘ಪೆಡಸು’, ಭಾರ ಹೊರುವುದಕ್ಕೆ ‘ಬಲ’. ಇವು ಮೂರೂ ನನಗೆ ಒಪ್ಪಿಗೆ. ಆದರೆ ಪೆಟ್ಟು ತಿಂದೂ ಮುರಿಯದ ಗುಣಕ್ಕೆ? ‘ದೃಢತೆ’ ಅಂದರೆ ಹುಡುಗರಿಗೆ ಮನಸ್ಸಿನ ಮಾತು ಅನ್ನಿಸುತ್ತದೆ. ‘ಬಾಳಿಕೆ’ಯಲ್ಲಿ ವರ್ಷಗಳ ಲೆಕ್ಕ ಇದೆ, ಪೆಟ್ಟಿನ ಲೆಕ್ಕ ಇಲ್ಲ. ನಾನು ಸದ್ಯಕ್ಕೆ ‘ತಾಳಿಕೆ’ ಅನ್ನುತ್ತಿದ್ದೇನೆ. ಬಿಸಿ ತಾಳುವುದಕ್ಕೂ ಅದೇ ಪದ ಬರುವುದರಿಂದ ಪೂರ್ತಿ ಸಮಾಧಾನ ಇಲ್ಲ.

ಮಚ್ಚನ್ನು ತಣಿಸಿದ ಮೇಲೆ ಮತ್ತೆ ಹದವಾಗಿ ಕಾಸಬೇಕು. ಗಡಸು ಸ್ವಲ್ಪ ಕಮ್ಮಿಯಾಗುತ್ತದೆ, ಆದರೆ ಬಾಯಿ ಚಕ್ಕೆ ಏಳುವುದಿಲ್ಲ. ಆ ಕೆಲಸಕ್ಕೆ ‘ಹದ ಮಾಡುವುದು’ ಎಂಬ ಚೆಂದದ ಮಾತಿದೆ. ಹದ ಮಾಡಿದಾಗ ಮಚ್ಚಿಗೆ ಬರುವ ಆ ಗುಣಕ್ಕೆ ನಿಮ್ಮ ಊರಿನ ಕುಲುಮೆಯಲ್ಲಿ ಏನನ್ನುತ್ತಾರೆ? ಮರಗೆಲಸದವರು, ಚರ್ಮದ ಕೆಲಸದವರು ಬಳಸುವ ಪದ ಇದ್ದರೂ ತಿಳಿಸಿ.